ಕಣಜದೊಳಗಿನ ಸ್ಟೂಲು

ಹೊಲಿಗೆ ಯಂತ್ರವನ್ನು ನಿಂತುಕೊಂಡು ಓಡಿಸುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹಾಗೆ ನಿಂತಿದ್ದವರು ನನ್ನ ಅತ್ತೆ. ಅವರ ಪಕ್ಕದ ಯಂತ್ರವೇ ನನ್ನದು. ಅವರು ಸೊಟ್ಟಗೆ ಹೊಲಿದ ತೋಳುಗಳೆಲ್ಲ ಬಂದು ಬೀಳುತ್ತಿದ್ದದ್ದು ನನ್ನ ಮಡಿಲಿಗೆ. ಇನ್ನು ನಗು ಎಲ್ಲಿಂದ ಬರಬೇಕು?

ಮೊದಲು ಜಾಗ ಎಂಥದ್ದೆಂದು ಹೇಳಿಬಿಡುತ್ತೇನೆ. ನಮ್ಮ ಕಾರ್ಖಾನೆ ಇರುವುದು ದೊಡ್ಡ ಮನೆಯ ಹಳೆಯ ಕಣಜದಲ್ಲಿ. ಕಣಜ ಎಂದರೆ ಅಡುಗೆ ಮನೆಯ ಮೂಲೆಯಲ್ಲಿ ಇಡುವಂಥದ್ದು ಅಂದುಕೊಳ್ಳಬೇಡಿ. ಒಂದು ಬೀದಿಯಷ್ಟು ಉದ್ದದ ಕಲ್ಲಿನ ಕಟ್ಟಡ, ತುಂಬಿದ ಗಾಡಿ ಸಲೀಸಾಗಿ ಒಳಗೆ ಬರುವಷ್ಟು ಅಗಲದ ಬಾಗಿಲು, ಮಧ್ಯದಲ್ಲಿ ದಪ್ಪ ದಪ್ಪ ಕಂಬಗಳು, ಗೋಡೆಯ ತುದಿಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಗಳು. ಸುತ್ತಲಿನ ಹೊಲಗಳೆಲ್ಲ ದೊಡ್ಡ ಮನೆಯವು. ಹೊಲದಲ್ಲಿ ದುಡಿಯುವ ಜನವೂ ತಮ್ಮದೇ ಎಂದು ದೊಡ್ಡ ಮನೆ ತಿಳಿದಿತ್ತು, ಜನವೂ ಹಾಗೆಯೇ ತಿಳಿದಿದ್ದರು. ಸುಗ್ಗಿಯಾದ ಮೇಲೆ ಕಾಳೆಲ್ಲ ಈ ಕಟ್ಟಡಕ್ಕೆ ಬರುತ್ತಿತ್ತು. ನನ್ನ ಅತ್ತೆ ಇಲ್ಲಿ ಮೊರ ಹಿಡಿದು ಕಾಳು ಕೇರುತ್ತಿದ್ದರು, ಅವರ ಅತ್ತೆಯೂ ಕೇರುತ್ತಿದ್ದರು. ಕೂಲಿ ಎನ್ನುವ ಮಾತೇ ಇರಲಿಲ್ಲ. ಅಳತೆಯ ದಿನ ಕೆಲಸದವರನ್ನು ಸಾಲಾಗಿ ನಿಲ್ಲಿಸಿ, ಸಾಲಿಗೆ ಇಷ್ಟು ಎಂದು ಕಾಳು, ವರ್ಷಕ್ಕೊಮ್ಮೆ ದೊಡ್ಡ ಮನೆಯವರು ಹಾಕಿ ಬಿಟ್ಟ ಬಟ್ಟೆ. ಅಷ್ಟಕ್ಕೇ ಕೈ ಮುಗಿದು ಮನೆಗೆ ಬರಬೇಕು.

ಆಮೇಲೆ ಹೊಲಕ್ಕೆ ಯಂತ್ರ ಬಂತು. ಕೊಯ್ಯುವುದು, ಬಡಿಯುವುದು, ಕೇರುವುದು ಎಲ್ಲವನ್ನೂ ಅದೇ ಮಾಡಿ ಮುಗಿಸಿತು, ಕಾಳು ಹೊಲದಿಂದಲೇ ಲಾರಿ ಹತ್ತಿತು. ಖಾಲಿ ಕಣಜದಲ್ಲಿ ಇಲಿ ಸಾಕುವ ಬದಲು ದೊಡ್ಡ ಮನೆಯವರು ಅದನ್ನು ಅಂಗಿ ಹೊಲಿಯುವ ಕಂಪನಿಗೆ ಬಾಡಿಗೆಗೆ ಕೊಟ್ಟರು. ಗೋಡೆಗೆ ಬಿಳಿ ಬಣ್ಣ, ಮೇಲೆ ಟ್ಯೂಬ್‌ಲೈಟು, ಕೆಳಗೆ ಸಾಲಾಗಿ ಕರೆಂಟಿನ ಯಂತ್ರಗಳು ಬಂದವು. ಆದರೂ ಮಳೆ ಹನಿದರೆ ಸಾಕು, ಗೋಡೆಯೊಳಗಿಂದ ಹಳೆಯ ಕಾಳಿನ ವಾಸನೆ ಇವತ್ತಿಗೂ ಬರುತ್ತದೆ.

ಕಣಜ ಮುಚ್ಚಿದಾಗ ಅತ್ತೆಯ ಕೈಗೆ ಕೆಲಸವಿಲ್ಲದಂತಾಯಿತು, ಕಂಪನಿ ಬಂದಾಗ ನಾನು ಮಾತ್ರ ಹೊಲಿಗೆಗೆ ಸೇರಿಕೊಂಡೆ. ದೊಡ್ಡ ಮನೆಯ ಯಜಮಾನಿ, ನಾವೆಲ್ಲ ಅಮ್ಮಾವ್ರು ಎಂದು ಕರೆಯುವವರು, ಹೇಳಿ ಕಳಿಸಿದರು: "ಮೊರದೋಳು ಇನ್ನೇನು ಮಾಡ್ತಾಳೆ ಪಾಪ. ನಮ್ಮ ಹಿತ್ತಲಿಗೆ ಬರ್ಲಿ. ಪಾತ್ರೆ ತಿಕ್ಕೊಂಡು, ಮಿಕ್ಕಿದ್ದು ತಿನ್ಕೊಂಡು, ಒಂದು ಮೂಲೇಲಿ ಬಿದ್ದಿರ್ಲಿ."

ಮೊರದೋಳು ಎಂದರೆ ಅತ್ತೆ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ದೊಡ್ಡ ಮನೆಗೆ ಯಾವತ್ತೂ ಬೇಕಾಗಿರಲಿಲ್ಲ. ನಾನು ಈ ಕತೆಯಲ್ಲಿ ಇಬ್ಬರಿಗೂ ಬಹುವಚನ ಹಚ್ಚುತ್ತಿದ್ದೇನೆ. ಅತ್ತೆಗೆ ಹಚ್ಚುವುದು ಮನಸ್ಸಿನಿಂದ, ಅಮ್ಮಾವ್ರಿಗೆ ಬರೀ ಅಭ್ಯಾಸದಿಂದ. 'ಬಿದ್ದಿರ್ಲಿ' ಎಂಬ ಮಾತು ಕೇಳಿದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು. "ಬಿದ್ದಿರೋಕೆ ಅವರೇನು ಹಳೇ ಚಾಪೇನಾ?" ಎಂದು ಸುದ್ದಿ ತಂದವನ ಮುಖಕ್ಕೇ ಹೇಳಿದೆ. ಅತ್ತೆ ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಆದರೆ ಹಿತ್ತಲಿಗೆ ಹೋಗುತ್ತೇನೆಂದೂ ಹೇಳಲಿಲ್ಲ.

ಆ ಸಂಜೆ ಅವರೇ ಕೇಳಿದರು. "ನೀನು ಹೋಗ್ತೀಯಲ್ಲ, ಆ ಹೊಲಿಗೆ, ಅದು ನಂಗೂ ಬರುತ್ತೇನೇ?"

"ಮೊರದಲ್ಲಿ ಕಲ್ಲು ಒಂದು ಕಡೆ ಕಾಳು ಒಂದು ಕಡೆ ಕುಣಿಸ್ತಾ ಇದ್ದ ಕೈ ಅತ್ತೆ. ಬರದೇ ಏನು? ಯಾಕೆ, ಆಸೆಯಾಯ್ತಾ?"

"ಸಂಬಳ ಬಂದ್ರೆ ಒಂದು ಬಟ್ಟೆ ತಗೋಬೇಕು," ಎಂದರು. "ಅಂಗಡೀಲಿ ಮಡಿಕೆ ಬಿಚ್ಚದೇ ಇರೋದು. ನಾನೇ ಮೊದಲು ಬಿಚ್ಚಬೇಕು."

ನನ್ನ ಬಾಯಿಗೆ ಬೀಗವಿಲ್ಲ ಎಂದು ಊರೆಲ್ಲ ಹೇಳುತ್ತಾರೆ. ಅವತ್ತು ಮಾತ್ರ "ನೀವೇ ಬಿಚ್ಚಿ ಅತ್ತೆ" ಎಂದಷ್ಟೇ ಹೇಳಿದೆ. ಕೂದಲು ನರೆತ ಹೆಂಗಸು ಇಷ್ಟು ವರ್ಷ ಬೇರೆಯವರ ಮೈಯ ಮಡಿಕೆಯನ್ನೇ ತೊಟ್ಟುಕೊಂಡು ಬದುಕಿದ್ದಾರೆಂಬುದು ನನಗೆ ಗೊತ್ತೇ ಇತ್ತು, ಆದರೆ ಅದು ಅವರಿಗೂ ಚುಚ್ಚುತ್ತದೆ ಎಂದು ಗೊತ್ತಿರಲಿಲ್ಲ.

ಕಂಪನಿಯವರು ಹೊಸಬರಿಗೆ ಕಲಿಸುವುದು ಹೆದ್ದಾರಿಯ ಪಕ್ಕದ ಒಂದು ಬಾಡಿಗೆ ಕೋಣೆಯಲ್ಲಿ. ಅತ್ತೆಯನ್ನು ಅಲ್ಲಿಗೆ ಸೇರಿಸಿದೆ. ಕಲಿಸುತ್ತಿದ್ದವನು ನಮ್ಮ ಮೇಸ್ತ್ರಿಯೇ. ಅವನು ಪಟ್ಟಣದವನು. ಮಾತಾಡುವಾಗ ನಮ್ಮ ಮುಖ ನೋಡುವುದಕ್ಕಿಂತ ಗೋಡೆಯ ಮೇಲಿನ ಗಡಿಯಾರ ನೋಡುವುದೇ ಹೆಚ್ಚು, ಹಾಗಾಗಿ ನಾವು ಅವನನ್ನು ಗಡಿಯಾರ ಎಂದೇ ಕರೆಯುತ್ತೇವೆ. ಆ ಗಡಿಯಾರವೇ ನನ್ನ ಹತ್ತಿರ ಬಂದು, "ನಿಮ್ಮತ್ತೆ ಕೈ ಬಂಗಾರ ಕಣಮ್ಮ. ಗೆರೆ ಹೊಡೆದ ಹಾಗೆ ಹೊಲೀತಾರೆ," ಎಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಾಲರ್ ಹೊಲಿಯುವ ಅಕ್ಕನಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಡಂಗುರ ಸಾರಿದೆ.

ಸೋಮವಾರ ಅತ್ತೆಯನ್ನು ಕಣಜದೊಳಗಿನ ದೊಡ್ಡ ಸಾಲಿಗೆ ತಂದರು. ಮೂರನೆಯ ಕಂಬದ ಪಕ್ಕದ ಯಂತ್ರ ಕೊಟ್ಟರು. ತೋಳಿನ ಬಟ್ಟೆಯನ್ನು ಮಡಿಸಿ ಅಂಚು ಕೂಡಿಸಿ ಹೊಲಿಯುವುದು ಅವರ ಕೆಲಸ, ಆ ತೋಳನ್ನು ಅಂಗಿಗೆ ಜೋಡಿಸುವುದು ನನ್ನ ಕೆಲಸ. ಅತ್ತೆ ಬಂದರು, ಬಟ್ಟೆ ತೆಗೆದುಕೊಂಡರು, ಸ್ಟೂಲನ್ನು ಕಾಲಿನಿಂದ ಹಿಂದಕ್ಕೆ ಸರಿಸಿದರು, ನಿಂತೇ ಹೊಲಿಯತೊಡಗಿದರು.

ಕರೆಂಟಿನ ಯಂತ್ರದ ಪೆಡಲು ಕಾಲಿನ ಹೆಬ್ಬೆರಳ ಮಾತು ಕೇಳುವಂಥದ್ದು. ಕೂತವರು ಮೆಲ್ಲಗೆ ಒತ್ತಿದರೆ ಮೆಲ್ಲಗೆ ಹೋಗುತ್ತದೆ. ನಿಂತು ಒತ್ತಿದರೆ ಮೈಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಆಗ ಅದು ಹಗ್ಗ ಕಿತ್ತ ಕರುವಿನ ಹಾಗೆ ಓಡುತ್ತದೆ. ಅತ್ತೆಯ ಕೈಯಲ್ಲಿ ತೋಳು ಒಂದು ಕಡೆ ಚೀಲದ ಬಾಯಿಯಷ್ಟು ಅಗಲ, ಇನ್ನೊಂದು ಕಡೆ ಬೆರಳೂ ತೂರದಷ್ಟು ಇಕ್ಕಟ್ಟಾಯಿತು. ನಾನು ಬಿಚ್ಚಿದೆ, ಅವರು ಮತ್ತೆ ಹೊಲಿದರು, ಮತ್ತೆ ಬಿಚ್ಚಿದೆ. ನನ್ನ ಹಿಂದೆ ಗುಂಡಿ ಹಚ್ಚುವವರು ಕೈ ಕಟ್ಟಿಕೊಂಡು ಕೂತರು.

"ಕೂತ್ಕೊಳ್ಳಿ ಅತ್ತೆ," ಎಂದೆ.

"ಬೇಡ. ಹೀಗೇ ಚೆನ್ನಾಗಿದೆ."

"ಎಲ್ಲಿ ಚೆನ್ನಾಗಿದೆ? ಈ ತೋಳು ಹಾಕ್ಕೊಳ್ಳೋಕೆ ಕೈ ಮುರ್ಕೊಂಡವರೇ ಬರ್ಬೇಕು!"

ಅತ್ತೆ ಇನ್ನೊಂದು ತೋಳು ಎತ್ತಿಕೊಂಡರು. ನಾನು ಸೊಂಟ ನೋವಿರಬೇಕೆಂದುಕೊಂಡು ಮಾರನೆಯ ದಿನ ಮನೆಯಿಂದ ದಿಂಬು ತಂದು ಸ್ಟೂಲಿನ ಮೇಲೆ ಇಟ್ಟೆ. ಅತ್ತೆ ಅದನ್ನು ಮೆಲ್ಲಗೆ ಎತ್ತಿ ನನ್ನ ಸ್ಟೂಲಿಗೆ ಹಾಕಿದರು. ನನ್ನ ಸ್ಟೂಲನ್ನು ಅವರಿಗೆ ಕೊಟ್ಟು ನೋಡಿದೆ, ಅದನ್ನೂ ಸರಿಸಿದರು. ಕಾಲರ್ ಅಕ್ಕ ಬಗ್ಗಿ ನನ್ನ ಕಿವಿಯಲ್ಲಿ, "ಮೂಲವ್ಯಾಧಿ ಏನಾದ್ರೂ ಇದೆಯೇನೇ? ಹೇಳೋಕೆ ನಾಚಿಕೆ ಪಡ್ತಾರೇನೋ," ಎಂದಳು. ತರಬೇತಿ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತವರಿಗೆ ರಾತ್ರೋರಾತ್ರಿ ಎಲ್ಲಿಂದ ಮೂಲವ್ಯಾಧಿ ಬರುತ್ತದೆ? ನನಗೆ ತಲೆಬುಡ ತಿಳಿಯಲಿಲ್ಲ.

ಗಡಿಯಾರ ಕೆಟ್ಟವನಲ್ಲ, ಆದರೆ ಅವನ ತಲೆಯ ಮೇಲೂ ಇನ್ನೊಂದು ಗಡಿಯಾರ ಇರುತ್ತದಲ್ಲ. "ವಾರದ ಕೊನೆವರೆಗೆ ನೋಡ್ತೀನಿ. ಇಡೀ ಲೈನು ಇವರಿಗೋಸ್ಕರ ನಿಲ್ತಾ ಇದೆ. ಶನಿವಾರನೂ ಹೀಗೇ ಆದ್ರೆ ನಾನೇನೂ ಮಾಡೋಕಾಗಲ್ಲಮ್ಮ," ಎಂದ. ಸುದ್ದಿಗೆ ಕಾಲು ಎಷ್ಟು ಬೇಗ ಮೂಡುತ್ತದೋ, ಅದು ದೊಡ್ಡ ಮನೆಗೂ ಹೋಯಿತು. ಗುರುವಾರ ಹಿತ್ತಲಿನಿಂದ ಮತ್ತೆ ಕರೆ ಬಂತು: ಮೊರದೋಳಿಗೆ ಮೂಲೆ ಖಾಲಿ ಇದೆ, ಪಾತ್ರೆಗಳೂ ಇವೆ.

ಶುಕ್ರವಾರ ಸಂಜೆ ಮನೆಗೆ ನಡೆದು ಬರುವಾಗ ನಾನು ದಾರಿಯಲ್ಲೇ ಜಗಳ ತೆಗೆದೆ. ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಅದನ್ನು ನಾನೇ ಒಪ್ಪುತ್ತೇನೆ.

"ನಿಮಗೆ ಹಿತ್ತಲಿಗೇ ಹೋಗ್ಬೇಕಂತಿದ್ರೆ ನೇರವಾಗಿ ಹೇಳಿ. ನನ್ನ ಮಾನ ಯಾಕೆ ತೆಗೀತೀರಿ? ಕೋಣೇಲಿ ಕೂರ್ತೀರಿ, ಕಣಜದಲ್ಲಿ ಕೂರಲ್ಲ. ಅಲ್ಲಿ ಏನು ಮುಳ್ಳಿದೆಯಾ?"

ಅತ್ತೆ ನಿಂತರು. ದಾರಿಯ ಬದಿಯ ನೀರಿನ ತೊಟ್ಟಿಯ ಕಟ್ಟೆ ಹಿಡಿದುಕೊಂಡರು. ಆ ಕಟ್ಟೆಯ ಮೇಲೆ ಕೂರುತ್ತಾರೆಂದುಕೊಂಡೆ. ಕೂತರು. ಕಣಜದ ಹೊರಗೆ ಎಲ್ಲಿ ಬೇಕಾದರೂ ಅವರಿಗೆ ಕೂರಲು ಬರುತ್ತಿತ್ತು.

"ಅಲ್ಲಿ ಒಂದೇ ಕುರ್ಚಿ ಇದ್ದದ್ದು ಕಣೇ," ಎಂದರು. "ಹಳೇ ಯಜಮಾನರದ್ದು. ನನಗೆ ಮೆಷಿನ್ ಕೊಟ್ಟಿದ್ದಾರಲ್ಲ, ಆ ಕಂಬದ ಹತ್ರನೇ ಹಾಕ್ತಾ ಇದ್ರು. ಅಳತೆ ದಿನ ಅವರು ಕೂರೋರು, ನಾವು ಸಾಲಾಗಿ ನಿಲ್ಲೋದು. ಬೆಳಗಿಂದ ದೀಪ ಹಚ್ಚೋವರೆಗೆ. ನಿನ್ನ ಗಂಡ ಹೊಟ್ಟೇಲಿದ್ದ. ದಿನ ತುಂಬಿತ್ತು. ಕಣ್ಣು ಕತ್ತಲೆ ಬಂತು, ಖಾಲಿ ಚೀಲದ ರಾಶಿ ಮೇಲೆ ಕೂತ್ಬಿಟ್ಟೆ."

"ಬೈದ್ರಾ?"

"ಬೈದಿದ್ರೆ ಒಳ್ಳೇದಿತ್ತು. ನನ್ನ ಕಡೆ ನೋಡಲೂ ಇಲ್ಲ. ಅಳೆಯೋನಿಗೆ, 'ಈ ಸಾಲಿನವರಿಗೆ ಆಯಾಸ ಆಗಿದೆ, ಹೊರಲಾರರು. ಅರ್ಧ ಹಾಕು' ಅಂದ್ರು. ನನ್ನೊಬ್ಬಳಿಗಲ್ಲ. ಸಾಲಿಗೆಲ್ಲ. ಆ ವರ್ಷ ಎಲ್ಲರ ಮನೇಲೂ ಅರ್ಧ ಹೊಟ್ಟೆ. ಯಾರೂ ನನ್ನ ಒಂದು ಮಾತೂ ಅನ್ಲಿಲ್ಲ. ಸುಮ್ಮನೆ ಮಾತು ಬಿಟ್ರು. ನಿನ್ನ ಗಂಡ ಹುಟ್ಟಿದಾಗ ಆ ಸಾಲಿನ ಒಬ್ಬಳೂ ತೊಟ್ಟಿಲ ಹತ್ರ ಬರ್ಲಿಲ್ಲ." ಮಂಡಿಯ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ಅಲ್ಲಿ ಸ್ಟೂಲು ನೋಡಿದ ತಕ್ಷಣ ಮಂಡಿ ಬಿಗಿಯುತ್ತೆ. ನಾನೇನು ಬೇಕೂಂತ ಮಾಡ್ತೀನಾ?"

ಬೇರೆ ಯಾರಾದರೂ ಆಗಿದ್ದರೆ ಅವರ ಕೈ ಹಿಡಿದು ಕಣ್ಣೀರು ಹಾಕುತ್ತಿದ್ದರೇನೋ. ನನಗೆ ಬಂದದ್ದು ಕೋಪ. ಸತ್ತು ಮಣ್ಣಾದ ಆ ಮುದುಕ ಈಗಲೂ ನನ್ನ ಅತ್ತೆಯ ಮಂಡಿ ಹಿಡಿದು ನಿಲ್ಲಿಸಿದ್ದಾನಲ್ಲ ಎಂಬ ಕೋಪ. ಆ ಕೋಪದಲ್ಲೇ ಹೇಳಿದೆ:

"ಸರಿ ಅತ್ತೆ. ಅದೇ ಲೆಕ್ಕ ಈಗ ಹಾಕಿ. ಆಗ ನೀವು ಕೂತ್ರಿ ಅಂತ ಸಾಲಿಗೆಲ್ಲ ಹೊಡೆತ ಬಿತ್ತು. ಈಗ ನೀವು ನಿಂತಿದ್ದೀರಿ ಅಂತ ಸಾಲಿಗೆಲ್ಲ ಹೊಡೆತ ಬೀಳ್ತಾ ಇದೆ. ಗುಂಡಿಯವರು ಕೈ ಕಟ್ಕೊಂಡು ಕೂತಿದ್ದಾರೆ, ಕಾಲರ್ ಅಕ್ಕ ದಿನಾ ಬೈಸ್ಕೊಳ್ತಾಳೆ, ನಾನು ದಾರ ಬಿಚ್ಚೀ ಬಿಚ್ಚೀ ಉಗುರು ಹೋಯ್ತು. ಸಾಲಿನ ಮೇಲೆ ಅಷ್ಟು ಕರುಣೆ ಇದ್ರೆ ಕೂತ್ಕೊಳ್ಳಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಎದ್ದು ಹಿಂಬದಿಯ ಧೂಳು ಕೊಡವಿಕೊಂಡು ನನಗಿಂತ ಮುಂದೆ ನಡೆದರು.

ಶನಿವಾರ ಬೆಳಗ್ಗೆ ಗಂಟೆ ಹೊಡೆಯಿತು. ಅತ್ತೆ ಯಂತ್ರದ ಮುಂದೆ ನಿಂತರು. ನಾನು ನೋಡದವಳ ಹಾಗೆ ಸೂಜಿಗೆ ದಾರ ಪೋಣಿಸುತ್ತ ಓರೆಗಣ್ಣಲ್ಲಿ ನೋಡುತ್ತಿದ್ದೆ. ಅವರು ಕಂಬವನ್ನೊಮ್ಮೆ ನೋಡಿದರು. ಸ್ಟೂಲನ್ನು ಒಂದು ಕೈಯಿಂದ ಎಳೆದುಕೊಂಡು, ಬಿಸಿ ಕಲ್ಲಿನ ಮೇಲೆ ಕೂರುವವರಂತೆ ತುದಿಯಲ್ಲಿ ಕೂತರು. ಕೂತವರು ಕಣ್ಣು ಮುಚ್ಚಿದರು. ಏನೂ ಆಗಲಿಲ್ಲ. ಏನಾಗಬೇಕಿತ್ತು? ಪಕ್ಕದ ಸಾಲಿನಲ್ಲಿ ಯಾರೋ ಸೀನಿದರು, ಅಷ್ಟೇ. ಕಣ್ಣು ತೆರೆದು ಮೊದಲ ತೋಳನ್ನು ಸೂಜಿಯ ಕೆಳಗೆ ಇಟ್ಟರು. ಆ ತೋಳು ನನ್ನ ಕೈಗೆ ಬಂದಾಗ ನೋಡುತ್ತೇನೆ, ಗಡಿಯಾರ ಹೇಳಿದ್ದು ಸರಿ, ಗೆರೆ ಹೊಡೆದ ಹಾಗಿತ್ತು. ಎರಡನೆಯದೂ ಹಾಗೇ. ನನಗೆ ಅಲ್ಲೇ ಎದ್ದು ಕೇಕೆ ಹಾಕಬೇಕೆನ್ನಿಸಿತು.

ಊಟದ ಹೊತ್ತಿಗೆ ಇನ್ನೂ ಸಮಯವಿತ್ತು. ಆಗ ದೊಡ್ಡ ಬಾಗಿಲಲ್ಲಿ ನೆರಳು ಬಿತ್ತು. ಅಮ್ಮಾವ್ರು.

ಬಾಡಿಗೆಗೆ ಕೊಟ್ಟ ಕಟ್ಟಡದ ಕಂಬಗಳಿಗೆ ಕಂಪನಿಯವರು ಮೊಳೆ ಹೊಡೆದಿದ್ದಾರೋ ಹೇಗೆ ಎಂದು ನೋಡಲು ಬಂದೆ ಎಂದು ಗೇಟಿನವನಿಗೆ ಹೇಳಿದರಂತೆ. ನಿಜವಾಗಿ ಬಂದದ್ದು ತಮ್ಮ ಮೊರದೋಳನ್ನು ಕರೆದುಕೊಂಡು ಹೋಗಲು. ಕೆಲಸದಿಂದ ತೆಗೆಯುತ್ತಾರೆಂದು ಸುದ್ದಿ ಇತ್ತಲ್ಲ. ಒಳ್ಳೆಯ ಚಪ್ಪಲಿ, ಇಸ್ತ್ರಿ ಮಾಡಿದ ಬಟ್ಟೆ, ಎದೆ ಸೆಟೆಸಿದ ನಡಿಗೆ. ಬಾಗಿಲ ಹತ್ತಿರದ ಹಿರಿಯ ಹೆಂಗಸೊಬ್ಬಳು ಅವರನ್ನು ಕಂಡು ಎದ್ದು ನಿಂತಳು. ಅವಳ ಹಿಂದಿನವಳು ಎದ್ದಳು. ಒಂದೊಂದೇ ಯಂತ್ರ ಬಾಯಿ ಮುಚ್ಚುತ್ತ ಬಂತು. ಸಾಲು ಸಾಲೇ ಎದ್ದು ನಿಂತಿತು.

ಪಟ್ಟಣದವನಾದ ಗಡಿಯಾರಕ್ಕೆ ಇದರ ಗಂಧಗಾಳಿ ಇಲ್ಲ. ಅವನು ಆಚೆ ತುದಿಯಿಂದ ಓಡಿ ಬಂದು, "ಕರೆಂಟು ಹೋಯ್ತಾ? ಬೆಂಕಿನಾ? ಯಾಕೆ ಎಲ್ಲಾ ಎದ್ರಿ?" ಎಂದು ಮೇಲೆ ಕೆಳಗೆ ನೋಡುತ್ತಿದ್ದ. ಟ್ಯೂಬ್‌ಲೈಟುಗಳು ಉರಿಯುತ್ತಲೇ ಇದ್ದವು.

ಈ ಜನರ ಬುದ್ಧಿಗಿಷ್ಟು, ಕೂತವರೆಲ್ಲ ಗೊಂಬೆಗಳ ಹಾಗೆ ಎದ್ದರಲ್ಲ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಆಮೇಲೆ ಗಮನಿಸುತ್ತೇನೆ, ನನ್ನ ಯಂತ್ರವೂ ಓಡುತ್ತಿಲ್ಲ. ನನ್ನ ಸ್ಟೂಲು ನನ್ನ ಹಿಂದಿದೆ. ನಾನೂ ನಿಂತಿದ್ದೇನೆ. ಯಾವಾಗ ಎದ್ದೆನೋ ನನ್ನಾಣೆಗೂ ಗೊತ್ತಿಲ್ಲ. ಅತ್ತೆಗೆ ಅಷ್ಟು ಉಪದೇಶ ಮಾಡಿದವಳು ನಾನೇ.

ಆ ಬೀದಿಯುದ್ದದ ಕಟ್ಟಡದಲ್ಲಿ ಆಗ ಸದ್ದು ಮಾಡುತ್ತಿದ್ದದ್ದು ಒಂದೇ ಯಂತ್ರ. ಮೂರನೆಯ ಕಂಬದ ಪಕ್ಕದ್ದು. ಮೆಲ್ಲಗೆ, ಒಂದೇ ಹದದಲ್ಲಿ ಓಡುತ್ತಿತ್ತು.

ಅಮ್ಮಾವ್ರು ನೇರವಾಗಿ ಅಲ್ಲಿಗೇ ಬಂದರು. ಅತ್ತೆಯ ಮುಂದೆ ನಿಂತರು. ಅತ್ತೆಯ ತಲೆ ಬಗ್ಗಿತ್ತು, ಆದರೆ ಅದು ತೋಳಿನ ಅಂಚಿಗೆ ಬಗ್ಗಿದ್ದು.

"ಏನೇ ಮೊರದೋಳೇ," ಎಂದರು ಅಮ್ಮಾವ್ರು, "ನಾನು ಬಂದಿದ್ದೀನಿ."

"ಗೊತ್ತಾಯ್ತು ಅಮ್ಮಾವ್ರೆ." ಅತ್ತೆಯ ಕಣ್ಣು ಸೂಜಿಯ ಮೇಲೆ. "ತೋಳು ಮಧ್ಯದಲ್ಲಿದೆ. ಈಗ ಎದ್ರೆ ಸೊಟ್ಟಗಾಗುತ್ತೆ. ಒಂದು ಗಳಿಗೆ ನಿಂತಿರಿ."

ಹಾಗೆಂದರು. ನನ್ನ ಕಿವಿಯಾರೆ ಕೇಳಿದೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸೊಕ್ಕಿರಲಿಲ್ಲ. ಕೆಲಸ ಮಾಡುವವರು ಬಂದವರಿಗೆ ಹೇಳುವ ಮಾತು, ಅಷ್ಟೇ. ಅಮ್ಮಾವ್ರು ಕೂರಲು ಏನಾದರೂ ಇದೆಯೇ ಎಂದು ಆಚೆ ಈಚೆ ನೋಡಿದರು. ನಮ್ಮಲ್ಲಿ ಯಂತ್ರಕ್ಕೊಂದೇ ಸ್ಟೂಲು, ಮಿಕ್ಕಿದ್ದು ಇಲ್ಲ, ಗಡಿಯಾರಕ್ಕೇ ಇಲ್ಲ. ಕೊನೆಗೆ ಅವರು ಮೂರನೆಯ ಕಂಬಕ್ಕೆ ಒರಗಿಕೊಂಡು ನಿಂತರು. ಅವರ ಮಾವ, ಆ ಹಳೇ ಯಜಮಾನರ ಕುರ್ಚಿ ಇದ್ದ ಜಾಗದಲ್ಲಿ, ಚಪ್ಪಲಿಯೊಳಗೆ ಕಾಲು ಬದಲಿಸುತ್ತ, ಒಂದು ತೋಳು ಮುಗಿಯುವವರೆಗೆ ನಿಂತರು.

ಅತ್ತೆ ಅಂಚಿನ ಕೊನೆ ಮುಟ್ಟಿಸಿದರು, ಹಿಂದೆ ಮುಂದೆ ಎರಡು ಹೊಲಿಗೆ ಹಾಕಿ ಬಿಗಿ ಮಾಡಿದರು, ದಾರ ಕತ್ತರಿಸಿದರು, ತೋಳನ್ನು ನನ್ನ ಮೇಜಿಗೆ ತಳ್ಳಿದರು. ಆಗ ಅವರ ಕಣ್ಣು ನನ್ನ ಮೇಲೆ ಬಿತ್ತು.

"ನೀನ್ಯಾಕೇ ನಿಂತಿದ್ದೀಯಾ?" ಎಂದರು. "ಕೂತ್ಕೋ. ತೋಳು ಬಂತು."

ನಾನು ಕೂತೆ. ಕಾಲರ್ ಅಕ್ಕ ಕೂತಳು. ಗುಂಡಿಯವರು ಕೂತರು. ಎದ್ದ ಹಾಗೆಯೇ ಸಾಲು ಸಾಲೇ ಕೂತಿತು, ಯಂತ್ರಗಳು ಒಂದೊಂದಾಗಿ ಬಾಯಿ ಬಿಟ್ಟವು.

ಅತ್ತೆ ಈಗ ಅಮ್ಮಾವ್ರ ಕಡೆ ಮುಖ ಎತ್ತಿದರು. "ಹಿತ್ತಲ ವಿಷಯಕ್ಕೆ ಬಂದಿದ್ರೆ, ನನಗೆ ಬರೋಕಾಗಲ್ಲ ಅಮ್ಮಾವ್ರೆ. ಇಲ್ಲಿ ಕೆಲಸ ಇದೆ."

"ನಿಮ್ಮ ಮನೆಯವರಿಗೆಲ್ಲ ಇಷ್ಟು ವರ್ಷ ಅನ್ನ ಹಾಕಿದ್ದು ಯಾರು?" ಎಂದರು ಅಮ್ಮಾವ್ರು. ಧ್ವನಿ ಏರಿತ್ತು, ಆದರೆ ಯಂತ್ರಗಳ ಸದ್ದು ಅದಕ್ಕಿಂತ ಮೇಲಿತ್ತು.

"ಕೇರಿದ್ದು ನಾನು," ಎಂದರು ಅತ್ತೆ. ಆಮೇಲೆ ಅಮ್ಮಾವ್ರ ಕಾಲು ನೋಡಿದರು. "ನಿಮ್ಗೆ ನಿಂತು ಅಭ್ಯಾಸ ಇಲ್ಲ, ಕಾಲು ನೋಯುತ್ತೆ. ಊಟದ ಗಂಟೆ ಹೊಡೆದ ಮೇಲೆ ನಾನು ಏಳ್ತೀನಿ, ಆಗ ಇದ್ರಲ್ಲೇ ಕೂತ್ಕೊಳ್ಳಿ."

ಅಣಕಿಸಿ ಹೇಳಿದ್ದಲ್ಲ ಅದು. ನಾನಾಗಿದ್ದರೆ ಅಣಕಿಸುತ್ತಿದ್ದೆ. ಅತ್ತೆ ಮನಸಾರೆ ಹೇಳಿದ್ದರು. ಅಮ್ಮಾವ್ರು ಊಟದ ಗಂಟೆಯವರೆಗೆ ಕಾಯಲಿಲ್ಲ. ಕಂಬದಲ್ಲಿ ಮೊಳೆ ಇದೆಯೋ ಇಲ್ಲವೋ ಎಂದೂ ನೋಡದೆ, ಯಂತ್ರಗಳ ಮಧ್ಯೆ ದಾರಿ ಮಾಡಿಕೊಂಡು ಹೊರಟರು. ಬಾಗಿಲ ಹತ್ತಿರದ ಹಿರಿಯಳು ಅರ್ಧ ಎದ್ದು, ಸೂಜಿಯ ಕೆಳಗಿನ ಬಟ್ಟೆ ನೆನಪಾಗಿ ಮತ್ತೆ ಕೂತಳು.

ಗಡಿಯಾರಕ್ಕೆ ಆಗಲೂ ಏನಾಯಿತೆಂದು ಅರ್ಥವಾಗಿರಲಿಲ್ಲ. ಅವನು ಬಂದು ಅತ್ತೆ ಹೊಲಿದ ತೋಳುಗಳನ್ನು ಒಳಹೊರಗು ಮಾಡಿ ನೋಡಿದ, ಬೆರಳಿನಿಂದ ಹೊಲಿಗೆ ಎಳೆದು ನೋಡಿದ. ಮೊದಲ ಸಲ ಗೋಡೆ ನೋಡದೆ ಮುಖ ನೋಡಿ ಮಾತಾಡಿದ.

"ಸೋಮವಾರ ಸರಿಯಾದ ಹೊತ್ತಿಗೆ ಬಂದುಬಿಡಿ ತೋಳಿನಮ್ಮ. ಹೀಗೇ ಹೊಲೀರಿ, ಸಾಕು."

ಅತ್ತೆ ಮುಂದಿನ ತೋಳನ್ನು ಮಡಿಸುತ್ತಿದ್ದರು. ಈಗ ಕೈ ಮುಗಿಯುತ್ತಾರೆ ಎಂದುಕೊಂಡೆ. ಅವರು ಸ್ಟೂಲಿನ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು ಪೂರ್ತಿ ಕೂತರು. ಪಾದ ಪೆಡಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ.

"ಸ್ಟೂಲು ನಂಗೆ ಸ್ವಲ್ಪ ಎತ್ತರ ಆಯ್ತು," ಎಂದರು. "ಇಳಿಸಿ ಕೊಡಿ."